ಹಳೇ ಪುಸ್ತಕದ ನಿಯಮ

ಕಾಲೇಜಿನಲ್ಲಿ ಆಡುತ್ತಿದ್ದ ದಾಳದ ಆಟದ ಹಳೆಯ ಪುಸ್ತಕವನ್ನು ಗಂಡ ಅಟ್ಟದಿಂದ ಇಳಿಸಿದ. ಆಟದಲ್ಲಿ ಅಪ್ಪ, ಮಗಳು ರಾಕ್ಷಸರ ಗುಹೆಗೆ ನುಗ್ಗುವ ವೀರರು. ಪುಸ್ತಕ ಹಿಡಿದು ಆಟ ನಡೆಸುವವಳು ನಾನು.

"ನಿನ್ನ ಬಲದ ಅಂಕ ನನ್ನಷ್ಟು ಇರೋ ಹಾಗಿಲ್ಲ ಮಗಳೇ. ಹೆಣ್ಣಿಗೆ ಕಮ್ಮಿ."

"ಇದ್ಯಾವ ನ್ಯಾಯ ಅಪ್ಪ?"

"ಹಳೇ ಪುಸ್ತಕದ ನಿಯಮ ಕಣೇ. ಆಗಿನ ಆಟಾನೇ ಆಟ! ಈಗಿನವೆಲ್ಲ ಸಪ್ಪೆ," ಎಂದು ನಕ್ಕ.

ಕಾಲೇಜಿನಲ್ಲೂ ನನಗೆ ಹೀಗೇ ಹೇಳಿ ನಕ್ಕಿದ್ದ. ಅಂದು ನಾನು ಎದ್ದು ಹೋಗಿದ್ದೆ. ಈಗ ಮಗಳು ದಾಳ ಕೆಳಗಿಟ್ಟಳು. ನಾನು ಪುಟ ತಿರುವಿದೆ.

"ಗುಹೆಯೊಳಗೆ ಪೆಟ್ಟಿಗೆ. ಅದರಲ್ಲಿ ಚಿನ್ನದ ನಡುಪಟ್ಟಿ."

"ನಂಗೇ! ಕಟ್ಕೊಂಡೂ ಆಯ್ತು!" ಎಂದು ಗಂಡ ಕೂಗಿದ.

"ಅದನ್ನ ಕಟ್ಕೊಂಡ ಗಂಡಸು ಹೆಣ್ಣಾಗ್ತಾನೆ. ಹಳೇ ಪುಸ್ತಕದ್ದೇ ನಿಯಮ. ಬಲ ಇಳಿಸ್ಕೋ."