ಏಳದ ಕೈ

ಐದು ಕೈಗಳು ಮೇಲೆದ್ದವು. ಆರನೆಯದು ಏಳಲಿಲ್ಲ.

ಸ್ಟ್ರಾಸ್‌ಬರ್ಗಿನ ಸಂಸತ್ತಿನ ಗ್ಯಾಲರಿಯಲ್ಲಿ ಕೂತಿದ್ದ ಮೀನುಗಾರ ವಿಸ್ತಿನ್ ಕಟಕಟೆ ಹಿಡಿದು ಮುಂದಕ್ಕೆ ಬಾಗಿದ. ಕೆಳಗೆ ಯುರೋಪಿನ ಏಳುನೂರು ಚಿಲ್ಲರೆ ಸದಸ್ಯರು. ಅವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರಂತೆ ಅವನ ಮಾಲ್ಟಾ ದ್ವೀಪದವರು ಆರೇ ಆರು ಜನ. ಆ ಆರರಲ್ಲಿ ಒಬ್ಬಳು, ಅವನದೇ ಬಂದರಿನ ಸಾಲ್ವುವಿನ ಮಗಳು ಮಾರ್ತೀಸ್, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಎತ್ತೇ ಕೈನ, ದರಿದ್ರದವಳೇ," ಎಂದು ಅವನು ಹಲ್ಲು ಕಡಿದ.

ಹೊಟ್ಟೆಪಾಡಿನ ಪ್ರಶ್ನೆ ಅದು. ಸಣ್ಣ ದೋಣಿಗಳು ಲಾಂಪುಕಿ ಮೀನು ಹಿಡಿಯಲು ಇದುವರೆಗೆ ಇದ್ದ ಅನುಮತಿ ಮುಂದುವರಿಯುತ್ತದೋ ಇಲ್ಲವೋ ಎಂಬುದು ಇಂದೇ ತೀರ್ಮಾನವಾಗಬೇಕಿತ್ತು. ಇಲ್ಲವೆಂದಾದರೆ ಸಮುದ್ರವೆಲ್ಲ ಕಂಪನಿ ಹಡಗುಗಳ ಪಾಲು. ವಿಸ್ತಿನ್ ಬಲೆ ಸುತ್ತಿಟ್ಟು, ಪ್ರವಾಸಿಗರು ತಿಂದ ತಟ್ಟೆ ತೊಳೆಯಬೇಕು.

ಬೆಳಗ್ಗೆ ಆ ಆರರಲ್ಲೊಬ್ಬ, ಅವನ ಪಕ್ಷದ ರೆನ್ಸು, ತಾನೇ ಬಂದು ಹೆಗಲ ಮೇಲೆ ಕೈ ಹಾಕಿದ್ದ.

"ಒಳಗೆ ಬರೀ ನಂಬರ್ ಕೂಗ್ತಾರೆ ಮಾರಾಯ. ಆ ತಿದ್ದುಪಡಿ, ಈ ತಿದ್ದುಪಡಿ ಅಂತ. ನೀನು ತಲೆ ಕೆಡಿಸ್ಕೋಬೇಡ. ನಾನು ಕೈ ಎತ್ತಿದಾಗ ಮಿಕ್ಕವರನ್ನ ನೋಡು. ಯಾರ ಕೈ ಏಳಲ್ವೋ ಅವರೇ ಮನೆಹಾಳರು."

"ಆ ಪಕ್ಷದವರೂ ಎತ್ತುತ್ತಾರಾ?"

"ಇಂಥದ್ರಲ್ಲಿ ಪಕ್ಷ ಏನು ಬಂತು? ಇವತ್ತು ನಾವೆಲ್ಲ ಒಂದೇ."

ವಿಸ್ತಿನ್ ಅವನನ್ನು ಅಪ್ಪಿಕೊಂಡಿದ್ದ. ಅವನ ಊರಿನಲ್ಲಿ ಎರಡು ಪಕ್ಷದವರು ಒಂದೇ ಅಂಗಡಿಯಲ್ಲಿ ಕಾಫಿ ಕುಡಿಯುವುದಿಲ್ಲ. ಸಂತನ ಹಬ್ಬಕ್ಕೂ ಇವರ ಬ್ಯಾಂಡು ಬೇರೆ, ಅವರ ಬ್ಯಾಂಡು ಬೇರೆ. ಸಾಲ್ವುವಿನ ದೋಣಿ ಅವನ ದೋಣಿಯ ಪಕ್ಕದಲ್ಲೇ ನಿಲ್ಲುತ್ತದೆ. ಆದರೂ ಚುನಾವಣೆಯ ಜಗಳವಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಅಂಥವರು ಬಡ ಮೀನುಗಾರನಿಗಾಗಿ ಒಂದಾಗಿದ್ದಾರೆ ಎಂದರೆ ಸಾಮಾನ್ಯವೇ? ಒಬ್ಬಳನ್ನು ಬಿಟ್ಟು.

ಎತ್ತಿದ ಕೈಗಳ ಲೆಕ್ಕ ಸಿಗದೆ ಅಧ್ಯಕ್ಷೆ ಯಂತ್ರದ ಮತಕ್ಕೆ ಹೇಳಿದಳು. ಗೋಡೆಯ ಮೇಲೆ ಅಂಕಿಗಳು ಬೆಳಗಿದವು. ಪರವಾಗಿ ಬಿದ್ದದ್ದು ಒಂದೇ ಒಂದು ಮತ ಕಡಿಮೆ. "ತಿರಸ್ಕೃತ," ಎಂದಿತು ಕಿವಿಯೊಳಗಿನ ಭಾಷಾಂತರದ ದನಿ. ಅಷ್ಟರಲ್ಲಿ ಮುಂದಿನ ನಂಬರನ್ನು ಕೂಗಿಯೂ ಆಗಿತ್ತು.

ಪಕ್ಕದಲ್ಲಿದ್ದ ಸೂಟಿನವನೊಬ್ಬ ಕಟಕಟೆಗೆ ಗುದ್ದಿ, ಇಟಾಲಿಯನ್‌ನಲ್ಲಿ ಬೈದು, ಎದ್ದು ಹೋದ. ಬೆಳಗ್ಗೆ ರೆನ್ಸುವಿನ ಜೊತೆ ಕಾಫಿ ಕುಡಿಯುತ್ತಿದ್ದವನು ಅವನೇ. ಎಲ್ಲಿಯವನೋ ಪಾಪ, ಅವನಿಗೂ ನಮ್ಮ ಮೇಲೆ ಇಷ್ಟು ಕಳಕಳಿ. ನಮ್ಮೂರಿನಲ್ಲೇ ಹುಟ್ಟಿ, ಲಾಂಪುಕಿ ಮಾರಿದ ದುಡ್ಡಿನಲ್ಲಿ ಓದಿದ ಇವಳಿಗೆ ಇಲ್ಲ!

ಮೊಗಸಾಲೆಗೆ ಬಂದವನೇ ಅವನು ತಮ್ಮನಿಗೆ ಫೋನ್ ಮಾಡಿದ.

"ಟುಮಾಸ್, ಮುಳುಗಿದ್ವಿ. ಒಂದೇ ಒಂದು ವೋಟಲ್ಲಿ ಹೋಯ್ತು ಕಣೋ. ಯಾರದು ಗೊತ್ತಾ? ಸಾಲ್ವು ಮಗಳದು."

"ಸರಿಯಾಗಿ ನೋಡಿದ್ಯಾ?"

"ನನ್ನ ಕಣ್ಣೇನು ಕುರುಡಾ? ಐದು ಜನ ಕೈ ಎತ್ತಿದ್ರೆ ಮಹಾರಾಣಿ ಕೂತೇ ಇದ್ಲು. ನಮಗೆ ದೋಣಿ ಇಲ್ಲ ಅಂದ್ಮೇಲೆ ಅವರಿಗ್ಯಾಕೆ? ಸುಟ್ಟುಹಾಕ್ರೋ ಅದನ್ನ."

ಹೇಳಿದ ಮೇಲೂ ಮೈ ಉರಿ ಇಳಿಯಲಿಲ್ಲ. ಗೋಡೆಗೆ ಒರಗಿ ಅವಳಿಗಾಗಿ ಕಾದ. ಅವಳ ಮುಖಕ್ಕೆ ಉಗಿಯದೆ ಇಲ್ಲಿಂದ ಕದಲುವುದಿಲ್ಲ ಎಂದುಕೊಂಡ.

ಮೊದಲು ಹೊರಬಂದವನು ರೆನ್ಸು. ಮುಖ ಕಪ್ಪಿಟ್ಟಿತ್ತು.

"ನೋಡಿದ್ಯಲ್ಲ ನಮ್ಮ ಕೈ?"

"ಕಣ್ಣಾರೆ ನೋಡಿದೆ. ಸಾಯೋವರೆಗೂ ಮರೆಯಲ್ಲ."

"ಊರಲ್ಲೂ ಹೇಳು," ಎಂದು ರೆನ್ಸು ಅವನ ಬೆನ್ನು ತಟ್ಟಿ, ಲಿಫ್ಟಿನ ಬಳಿ ಕಾಯುತ್ತಿದ್ದ ಸೂಟಿನವನ ಕಡೆಗೆ ಓಡುನಡಿಗೆಯಲ್ಲಿ ಹೋದ.

ಎಷ್ಟೋ ಹೊತ್ತಿನ ಮೇಲೆ ಫೋನಿಗೆ ಚಿತ್ರ ಬಂತು. ಸಾಲ್ವುವಿನ ದೋಣಿ ಮೂತಿಯಿಂದ ಹಿಂಬದಿಯವರೆಗೂ ಹತ್ತಿ ಉರಿಯುತ್ತಿತ್ತು. ದಡದಲ್ಲಿ ಜನ ಸೇರಿದ್ದರು. ಬಕೆಟ್ ಹಿಡಿದಿದ್ದ ಸಾಲ್ವುವನ್ನು ಇಬ್ಬರು ರಟ್ಟೆ ಹಿಡಿದು ನಿಲ್ಲಿಸಿದ್ದರು. ವಿಸ್ತಿನ್ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಈಗ ಹೊಟ್ಟೆ ತಣ್ಣಗಾಯಿತು.

ಬಾಗಿಲು ತೆರೆಯಿತು. ಫೋನನ್ನು ಕಿವಿಗಿಟ್ಟುಕೊಂಡೇ ಮಾರ್ತೀಸ್ ಹೊರಗೆ ಬಂದಳು. ಅತ್ತು ಅವಳ ಕಣ್ಣು ಕೆಂಪಾಗಿತ್ತು. ಅವನನ್ನು ಕಂಡವಳೇ ಓಡಿ ಬಂದಳು. ಅವನು ಬಾಯಿ ತೆರೆಯುವ ಮೊದಲೇ ಅವನ ಎರಡೂ ಕೈ ಹಿಡಿದುಕೊಂಡಳು.

"ವಿಸ್ತಿನ್ ಮಾವ, ಗೆದ್ವಿ! ಸಣ್ಣ ದೋಣಿಗಿರೋ ಅನುಮತಿ ಕಿತ್ತುಹಾಕಿ ಅಂತ ತಂದಿದ್ರಲ್ಲ ಆ ತಿದ್ದುಪಡಿ, ಒಂದೇ ವೋಟಲ್ಲಿ ಬಿದ್ದೋಯ್ತು! ನಮ್ಮ ಐದೂ ಜನ ಕಂಪನಿಯವರ ಪರ ಕೈ ಎತ್ತಿದ್ರು ಮಾವ, ನನ್ನ ಪಕ್ಷದವರೂ ಸೇರಿ. ನಾನು ಎತ್ತಲಿಲ್ಲ. ಪಕ್ಷದಿಂದ ಹೊರಗೆ ಹಾಕ್ತಾರಂತೆ, ಹಾಕ್ಕೊಳ್ಲಿ."

ಅವಳು ಮತ್ತೆ ಫೋನ್ ಒತ್ತಿ ನೋಡಿ, ಅದನ್ನು ಅವನ ಕೈಗೇ ಕೊಟ್ಟಳು. "ಅಪ್ಪ ಎತ್ತುತ್ತಾನೇ ಇಲ್ಲ. ಎತ್ತಿದ್ರೆ ನೀವೇ ಹೇಳಿ ಮಾವ, ನಮ್ಮ ದೋಣಿ ಉಳೀತು ಅಂತ."