ಹೆಗ್ಗಣಕ್ಕೆ ಬಿದ್ದ ಚಪ್ಪಾಳೆ

ಮುದುಕಿ ಮತ್ತೆ ಉಗಿದಳು. ಈ ಸಲ ಕುಂಬಳಬೀಜದ ಸಿಪ್ಪೆ ಎವಾರಿಸ್ತೊನ ಬೂಟಿನ ಮೇಲೆ ಬಂದು ಕೂತಿತು.

"ಬಲಗಾಲು ಮುರಿಯೋ ಅವನದು," ಎಂದು ಕುಸ್ತಿ ಕಣದಲ್ಲಿದ್ದ ಬೆಳ್ಳಿ ಮುಸುಕಿನವನತ್ತ ಕಿರುಚಿದಳು. "ಬಲಗಾಲು. ಕಿವಿ ಸತ್ತಿದ್ಯಾ ನಿಂದು, ಬಲಗಾಲು."

ಎವಾರಿಸ್ತೊ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ. ಪ್ವೆಬ್ಲಾ ನಗರದಲ್ಲಿ ನೋಡಲೇಬೇಕಾದ ಹತ್ತು ಮನರಂಜನೆಯ ತಾಣಗಳು ಎಂಬ ಲೇಖನ ಅವನ ಪತ್ರಿಕೆಯ ಭಾನುವಾರದ ಪುರವಣಿಗೆ ಹೋಗಬೇಕಿತ್ತು. ಒಂಬತ್ತು ಮುಗಿದಿದ್ದವು: ರಂಗಮಂದಿರ, ಚಿತ್ರಶಾಲೆ, ಸಂಗೀತ ಸಭೆ, ಎಲ್ಲ ಮರ್ಯಾದಸ್ಥ ಜಾಗಗಳು. ಹತ್ತನೆಯದು ಮುಸುಕು ಕುಸ್ತಿಯ ಅಖಾಡವೇ ಆಗಬೇಕೆಂದು ಸಂಪಾದಕರ ಹಟ. "ಜನ ಓದೋದು ಅದನ್ನೇ ಕಣಯ್ಯಾ," ಅಂದಿದ್ದರು.

ಮೂತ್ರದ ನಾತ, ಹಳಸಿದ ಬಿಯರು, ಹಂದಿ ಕೊಬ್ಬಿನ ಕಮಟು. ಕಾಲೆತ್ತಿದರೆ ನೆಲ ಬಿಡುತ್ತಿರಲಿಲ್ಲ. ಕಣದೊಳಗೆ ಬೂದು ಮುಸುಕಿನವನೊಬ್ಬ ಬೆರಳಲ್ಲಿ ಮೂಗು ಸೀಟಿ, ಬೆಳ್ಳಿ ಮುಸುಕಿನ ನಾಯಕನ ಬೆನ್ನಿಗೆ ಒರೆಸಿದ. ಒರೆಸಿದವನ ಹೆಸರೇ ಹೆಗ್ಗಣ.

ಆದರೆ ಎವಾರಿಸ್ತೊನಿಗೆ ಹೆಚ್ಚು ಹೇಸಿಗೆಯಾದದ್ದು ಪಕ್ಕದವಳನ್ನು ಕಂಡು. ಎಪ್ಪತ್ತು ದಾಟಿರಬೇಕು. ಬೆಳ್ಳನೆಯ ಜಡೆ, ಇಸ್ತ್ರಿ ಮಾಡಿದ ಶಾಲು. ಬಾಯಿ ಮಾತ್ರ ಚರಂಡಿ. ಅವಳು ಶುರುಮಾಡಿದರೆ ಇಡೀ ಸಾಲು ಬೈಯುತ್ತಿತ್ತು, ಸಾಲಿನ ಹಿಂದೆ ಇಡೀ ಅಖಾಡ. ಬಾಗಿಲು ಕಾಯುವವನೇ "ದೋನ್ಯಾ ಕಸಿಲ್ದಾ" ಎಂದು ಗೌರವದಿಂದ ಕರೆದು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಹೋಗಿದ್ದ.

"ಅವನೂ ಮನುಷ್ಯನೇ ಅಲ್ವಾ ಅಜ್ಜಿ?"

"ಹೆಗ್ಗಣ ಯಾವಾಗ ಮನುಷ್ಯ ಆಯ್ತಪ್ಪಾ? ಮೊದಲನೇ ಸಲವಾ ಬಂದಿದ್ದು? ಸುಮ್ನೆ ಬೀಜ ತಿನ್ನು." ಪೊಟ್ಟಣ ಚಾಚಿದಳು. ಅವನು ಮುಟ್ಟಲಿಲ್ಲ.

ಅಷ್ಟರಲ್ಲಿ ಹೆಗ್ಗಣ ಹಗ್ಗದ ಮೇಲಿಂದ ಹಾರಿ ಬಂದು ಅವರ ಕಾಲಬುಡದಲ್ಲೇ ಬಿದ್ದ. ಮುಸುಕಿನ ಬಾಯಿಯಂಚಿನಲ್ಲಿ ರಕ್ತ. ಜನ ಬಿಯರು ಎರಚಿದರು. ಮುದುಕಿ ಬಗ್ಗಿ, ತನ್ನ ಬಾಟಲಿಯ ತಣ್ಣೀರನ್ನು ಅವನ ಕುತ್ತಿಗೆಗೆ ಸುರಿದು, "ಏಳೋ ಕೊಳಕಾ, ಮಲಗೋಕೆ ಬಂದಿದ್ದೀಯಾ?" ಎಂದಳು.

ಎವಾರಿಸ್ತೊ ದಡಬಡನೆ ಎದ್ದ. ಕುರ್ಚಿ ಹತ್ತಿ ನಿಂತ.

"ನಾಚಿಕೆ ಆಗಲ್ವಾ ನಿಮಗೆ? ಬಿದ್ದವನ ಮೇಲೆ ಬಿಯರು ಎರಚ್ತೀರಲ್ಲ. ಅವನಿಗೆ ನೋವಾಗಲ್ವಾ? ಎರಡೇಟು ತಿಂದು ನೋಡಿ, ಗೊತ್ತಾಗತ್ತೆ."

"ಕೂತ್ಕೋ ಮಾರಾಯಾ, ಕೈ ಮುಗೀತೀನಿ," ಎಂದು ಮುದುಕಿ ತೋಳು ಎಳೆದಳು. ಅವನು ಹೇಸಿಗೆಯಿಂದ ಕೊಡವಿಕೊಂಡ.

ಅಖಾಡ ಗಪ್‌ಚುಪ್ ಆಯಿತು. ಹಿಂದೆಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಹತ್ತು ಜನ. ಹೆಗ್ಗಣ ಹಗ್ಗ ಹಿಡಿದು ಎದ್ದಾಗ ಎಲ್ಲರೂ ತಟ್ಟುತ್ತಿದ್ದರು. ಅವನು ಗಾಬರಿಯಾಗಿ ಮತ್ತೆ ಮೂಗು ಸೀಟಿದ. ಜನ ನಕ್ಕು ಇನ್ನೂ ಜೋರಾಗಿ ತಟ್ಟಿದರು. ಮುದುಕಿ ಒಬ್ಬಳೇ ಬೈದೂ ಬೈದೂ ಗಂಟಲು ಕಟ್ಟಿಸಿಕೊಂಡಳು.

ಹೊರಗೆ ಇನ್ನೂ ಬಿಸಿಲಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಎವಾರಿಸ್ತೊ ಎದೆಯುಬ್ಬಿಸಿಕೊಂಡು ಹತ್ತಿರ ಹೋದ.

"ಅಂತೂ ನಿಮ್ಮ ಬಾಯಿ ಮುಚ್ಚಿತಲ್ಲ."

"ಹೂಂ. ಅಖಾಡದ ಮಾಲೀಕರು ಈಗ ಹೇಳಿ ಹೋದ್ರು. ಜನ ಅಯ್ಯೋ ಪಾಪ ಅನ್ನೋ ಹೆಗ್ಗಣ ಇಟ್ಕೊಂಡು ಏನು ಮಾಡ್ಲಿ, ಬೈಸಿಕೊಳ್ಳೋಕೆ ನಾಳೆಯಿಂದ ಬೇರೆಯವನನ್ನ ನೋಡ್ಕೋತೀನಿ ಅಂತ."

"ಅದನ್ನ ನಿಮಗ್ಯಾಕೆ ಹೇಳ್ಬೇಕು?"

ಬಾಗಿಲು ತೆರೆಯಿತು. ಬೂದು ಮುಸುಕನ್ನು ಇನ್ನೂ ತೆಗೆಯದ ದಢೂತಿ ಆಳು, ಮಾಸಿದ ಪಟ್ಟಿ ಸುತ್ತಿದ ಎಡಗಾಲು ಎಳೆಯುತ್ತ ಬಂದು ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದ.

"ನಡಿಯಮ್ಮ. ಹದಿನಾಲ್ಕು ವರ್ಷ ಹೆತ್ತ ಮಗನ್ನೇ ಬೈದೂ ಬೈದೂ ನನ್ನ ಅನ್ನ ಕಾದೆ, ಇನ್ನು ನಿನ್ನ ಗಂಟಲಿಗೂ ವಿಶ್ರಾಂತಿ."