ಬೇಲಿಯಾಚೆಯ ಹಂದಿ

ತನ್ನ ಹೊಲದೊಳಗೆ ಬಂದ ಕಾಡುಹಂದಿಯನ್ನು ಫಾರೆಸ್ಟ್ ಗಾರ್ಡ್ ಎದುರಿನಲ್ಲೇ ಹೊಡೆಯಲು ರೈತನಿಗೆ ಅನುಮತಿ ಸಿಕ್ಕಿತ್ತು. ಗುಂಡು ತಗುಲಿದ ಹಂದಿ ಬೇಲಿ ನುಸುಳಿ ಕಾಡಿನೊಳಗೆ ಬಿತ್ತು.

“ಕಾಡಲ್ಲಿ ಹಂದಿ ಕೊಂದಿದ್ದೀಯ. ಕೋವಿ ಜಪ್ತಿ,” ಎಂದು ಗಾರ್ಡ್ ಕೋವಿ ಕಸಿದುಕೊಂಡ.

“ಈಚೆಗೆ ಎಳ್ಕೊಂಡ್ ಬರ್ಲಾ ಸಾರ್?”

“ಮುಟ್ಟಿದ್ರೆ ಇನ್ನೊಂದು ಕೇಸು.”

ಅಷ್ಟರಲ್ಲಿ, ಸತ್ತಿತೆಂದುಕೊಂಡಿದ್ದ ಹಂದಿ ಎದ್ದು ಬೇಲಿ ದಾಟಿ ಇವರ ಮೇಲೇ ನುಗ್ಗಿತು. ಇಬ್ಬರೂ ಬದುವಿನ ಹೊಂಗೆಮರ ಹತ್ತಿದರು. ಸಂಜೆಯಾದರೂ ಅದು ಮರದ ಬುಡ ಬಿಟ್ಟು ಕದಲಲಿಲ್ಲ. ಕೂತಿದ್ದ ಕೊಂಬೆ ಲಟಲಟ ಎನ್ನತೊಡಗಿತು.

“ಗೌಡ್ರೇ, ಈಗ ನಿಮ್ ಹೊಲದಲ್ಲೇ ಐತೆ. ಅನುಮತಿನೂ ನಿಮ್ ಹೆಸ್ರಲ್ಲೇ ಐತೆ, ಹೊಡೀರಿ,” ಎಂದು ಗಾರ್ಡ್ ಕೋವಿ ಚಾಚಿದ.

ರೈತ ಎರಡೂ ಕೈಯಿಂದ ಮರವನ್ನು ಇನ್ನಷ್ಟು ತಬ್ಬಿಕೊಂಡ.

“ಜಪ್ತಿ ಆಗಿರೋ ಕೋವಿ ಸಾರ್. ಮುಟ್ಟಿದ್ರೆ ಇನ್ನೊಂದು ಕೇಸು.”